ಮೊಣಕಾಲಿಗೆ ಜೋನಿಬೆಲ್ಲ

ನಿನ್ನೆ ಶಿರಸಿಯಲ್ಲಿ ಆಯಿಯ ಮೊಣಕಾಲಿಗೆ ಹೈಲುರಾನಿಕ್ ಆಮ್ಲದ ಇಂಜೆಕ್ಷನ್ ಆಯಿತು. ಸಿರಿಂಜಿನೊಳಗೆ ಬಣ್ಣವಿಲ್ಲದ ಜೋನಿಬೆಲ್ಲದಂಥ ದ್ರವ. ಒತ್ತಿದರೂ ಅವಸರವಿಲ್ಲದೆ ಇಳಿಯುತ್ತಿತ್ತು. ನಮ್ಮ ಕೀಲುಗಳಲ್ಲಿ ಹುಟ್ಟಿನಿಂದಲೇ ಇರುವ ವಸ್ತು ಇದು. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನಿಂದ. ಆಮೇಲೆ ಹುಂಜದ ಜುಟ್ಟಿನಿಂದ ತೆಗೆದರು, ಈಗ ಹೆಚ್ಚಾಗಿ ಬ್ಯಾಕ್ಟೀರಿಯಾ ಬೆಳೆಸಿ ತೆಗೆಯುತ್ತಾರೆ. ಹುಂಜದ ಸುದ್ದಿಯನ್ನು ಆಯಿಗೆ ಹೇಳಲಿಲ್ಲ. ಹೇಳಿದ್ದರೆ ಮಡಿಯ ಗತಿ ಏನು! ರೇಸಿನ ಕುದುರೆಗಳ ಕೀಲಿಗೂ ಇದನ್ನೇ ಚುಚ್ಚುತ್ತಾರೆ ಎಂದಷ್ಟೇ ಹೇಳಿದೆ.

"ಹಾಗಾದರೆ ಕೊಟ್ಟಿಗೆಯ ಗೌರಿಗೂ ಒಂದು ಕೊಡಿಸು, ಅವಳೂ ಏಳುವಾಗ ನರಳುತ್ತಾಳೆ" ಎಂದಳು.

ಗುಣ ಎಲ್ಲರಿಗೂ ಒಂದೇ ತರಹ ಕಾಣುವುದಿಲ್ಲ, ಕೆಲವು ವಾರ ಕಾಯಬೇಕು. ಆಯಿ ಮಾತ್ರ ಇವತ್ತೇ, ಬೇಡವೆಂದರೂ, ಹಾಲು ಕರೆಯಲು ಹೋಗಿದ್ದಾಳೆ. ಮಣೆಯ ಬದಲು ಸ್ಟೂಲ್ ಒಯ್ದಿದ್ದಾಳೆ.