ಸೋರುವುದು ನಿಂತಿತ್ತು

ಮಾವನ ಮನೆಯ ಕೊಟ್ಟಿಗೆ ಪಕ್ಕದ ಮಾಡಿನಲ್ಲಿ ಇಪ್ಪತ್ತು ವರ್ಷದಿಂದ ಒಂದು ಇಂಜಿನ್ ಬಿದ್ದಿತ್ತು. ಕಿರ್ಲೋಸ್ಕರ್ ಎವಿ-1. ಒಂದೇ ಸಿಲಿಂಡರ್, 5 ಎಚ್‌ಪಿ, ನಿಮಿಷಕ್ಕೆ 1500 ಸುತ್ತು, ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವಂಥದ್ದು. ಎಷ್ಟೋ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಇದೇ ಇಂಜಿನ್ ಇರುತ್ತದೆ. ನಾನೂ ಅದರ ಪಕ್ಕ ನಿಂತು ರೀಡಿಂಗ್ ಬರೆದು ಮಾರ್ಕ್ಸ್ ತಗೊಂಡವನೇ. ಆದರೆ ಒಂದು ನಟ್ಟನ್ನೂ ಬಿಚ್ಚಿ ನೋಡಿದವನಲ್ಲ.

ಮಾವನ ಇಂಜಿನ್ ಮೊದಲು ಅಡಿಕೆ ತೋಟಕ್ಕೆ ನೀರೆತ್ತುತ್ತಿತ್ತು. ಕರೆಂಟ್ ಮೋಟಾರ್ ಬಂದ ಮೇಲೆ ಅದನ್ನು ದೋಣಿಗೆ ಕೂರಿಸಿದರು. ಶಾಫ್ಟು, ಫ್ಯಾನು ಎಲ್ಲ ಹೊನ್ನಾವರದಿಂದ ಬಂದವು. ಅಲ್ಲಿಯ ಮೀನುಗಾರರು ಪ್ರೊಪೆಲ್ಲರನ್ನು ಫ್ಯಾನು ಎಂದೇ ಕರೆಯುವುದು. ಅದೂ ಶರಾವತಿಯದೇ ದಡ, ಇದೂ ಶರಾವತಿಯದೇ. ನಡುವೆ ಜೋಗ ಇದೆ, ಅಷ್ಟೆ. ಲಿಂಗನಮಕ್ಕಿಯಲ್ಲಿ ನೀರು ನಿಂತ ಮೇಲೆ ತುಮರಿ ಕಡೆಯವರಿಗೆ ಸಾಗರ ಪೇಟೆಗೆ ಹೋಗಬೇಕೆಂದರೆ ಲಾಂಚೇ ಗತಿ. ಸಂಜೆ ಕಡೇ ಲಾಂಚ್ ತಪ್ಪಿದರೆ ಆ ರಾತ್ರಿ ಆಚೆ ದಡದಲ್ಲೇ. ಸ್ವಂತ ದೋಣಿ ಇದ್ದವನಿಗೆ ಅಷ್ಟರ ಮಟ್ಟಿಗೆ ಮರ್ಯಾದೆ.

2025ರ ಜುಲೈ 14ಕ್ಕೆ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಎರಡೂವರೆ ಕಿಲೋಮೀಟರಿಗೆ ಚೂರು ಕಡಿಮೆ. ಕಾರಿನಲ್ಲಾದರೆ ಮೂರ್ನಾಲ್ಕು ನಿಮಿಷದ ದಾರಿ. ಮಾವನಿಗೆ ದೋಣಿಯ ನೆನಪಾದದ್ದು ಅದಾದ ಮೇಲೆ! "ಇನ್ನು ದೋಣಿ ಯಾಕೆ ಮಾವ?" ಅಂದರೆ, "ಸೇತುವೆ ಮೇಲೆ ನಿಂತು ಬಲೆ ಬಿಡ್ತೀಯೇನೋ?" ಅಂದರು. ಮಾವ ಬಲೆ ಬಿಟ್ಟು ಎಷ್ಟು ವರ್ಷವಾಯಿತೆಂದು ನಾನು ಕೇಳಲಿಲ್ಲ.

ಬಿಚ್ಚುವ ಕೆಲಸ ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ ಶುರುವಾಯಿತು. ಸೈಲೆನ್ಸರ್ ಪೈಪಿನೊಳಗೆ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು. ಪಿಸ್ಟನ್ ಲೈನರಿಗೆ ಕಚ್ಚಿಕೊಂಡು ಕೂತಿತ್ತು. ಸೀಮೆಎಣ್ಣೆಗೆ ಡೀಸೆಲ್ ಬೆರೆಸಿ ಮೇಲಿಂದ ಹೊಯ್ದು ಒಂಬತ್ತು ದಿನ ಬಿಟ್ಟೆವು. ಹತ್ತನೇ ದಿನ ಹಲಸಿನ ಮರದ ತುಂಡು ಇಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದಾಗ ಕೂದಲೆಳೆಯಷ್ಟು ಜಾರಿತು. ಆ ಖುಷಿಯಲ್ಲಿ ಮಾವ ಎರಡು ಸಲ ಕಾಫಿ ಮಾಡಿಸಿದರು. ರಿಂಗುಗಳನ್ನು ಹೊಸದಾಗಿ ಹಾಕಿದ್ದು, ವಾಲ್ವುಗಳನ್ನು ಪೇಸ್ಟ್ ಹಚ್ಚಿ ಅಂಗೈಯಲ್ಲಿ ತಿಕ್ಕಿ ಕೂರಿಸಿದ್ದು, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ಟೆಸ್ಟ್ ಮಾಡಿಸಿದ್ದು ಎಲ್ಲ ಸಾಗರದ ಒಬ್ಬ ಮೇಸ್ತ್ರಿ. ಜೋಡಿಸುವುದನ್ನು ಮಾತ್ರ ನಾನೇ ಮಾಡುತ್ತೇನೆಂದು ಹಟ ಹಿಡಿದೆ.

ಹೊರಡುವ ಮುಂಚೆ ಮೇಸ್ತ್ರಿ ಒಂದು ತಾಮ್ರದ ವಾಷರನ್ನು ಬೆರಳ ತುದಿಯಲ್ಲಿ ಹಿಡಿದು ತೋರಿಸಿದ್ದರು. ನಾಲ್ಕಾಣೆ ಬಿಲ್ಲೆಗಿಂತ ಚಿಕ್ಕದು. "ಗೌಡ್ರೆ, ಒಂದ್ಸಲ ಬಿಗಿದ ತಾಮ್ರ ಗಟ್ಟಿ ಆಗಿರ್ತದೆ. ಹಂಗೇ ಹಾಕ್ಬೇಡಿ. ಒಲೇಲಿ ಕೆಂಪಗೆ ಕಾಸಿ ನೀರಿಗೆ ಬಿಡಿ, ಮೆತ್ತಗಾಗ್ತದೆ. ಆಗ ಕೂತ್ಕೊಳ್ತದೆ." ಹೂಂ ಅಂದೆ. ಒಟ್ಟು ಏಳು ವಾಷರ್. ಆರನ್ನು ಕಾಸಿದೆ. ಏಳನೆಯದು ಟ್ಯಾಂಕಿನಿಂದ ಡೀಸೆಲ್ ಎಳೆದುಕೊಳ್ಳುವ ಫೀಡ್ ಪಂಪಿಗೆ ಪೈಪು ಸೇರುವ ಕಡೆಯದು. ಅಷ್ಟರಲ್ಲಿ ಅತ್ತೆ ಊಟಕ್ಕೆ ಕರೆದರು.

ಮಾಡಿನಲ್ಲೇ ಮೊದಲ ಸ್ಟಾರ್ಟ್. ಡೀಸೆಲ್ ಕ್ಯಾನನ್ನು ತೊಲೆಗೆ ನೇತುಹಾಕಿದ್ದೆವು. ಡಿಕಂಪ್ರೆಷನ್ ಲಿವರ್ ಎತ್ತಿ, ಫ್ಲೈವೀಲಿಗೆ ವೇಗ ಬರುವವರೆಗೆ ಹ್ಯಾಂಡಲ್ ತಿರುಗಿಸಿ ಲಿವರ್ ಬಿಟ್ಟರೆ, ಎರಡು ಸಲ ಬಿಳಿ ಹೊಗೆ ಉಗುಳಿ ಮೂರನೆಯದಕ್ಕೆ ಹತ್ತಿಕೊಂಡಿತು. ಕೊಟ್ಟಿಗೆಯ ದನಗಳು ಹಗ್ಗ ಕಿತ್ತುಕೊಳ್ಳುವುದೊಂದು ಬಾಕಿ. ಒಂದು ಗಂಟೆ ಓಡಿಸಿದೆವು. ಆ ಏಳನೇ ವಾಷರಿನ ಹತ್ತಿರ ಮಾತ್ರ ಡೀಸೆಲ್ ಜಿನುಗಿ, ಆಗೊಂದು ಈಗೊಂದು ಹನಿ ಬೀಳುತ್ತಿತ್ತು. ಬಟ್ಟೆಯಲ್ಲಿ ಒರೆಸಿ ಸುಮ್ಮನಾದೆ.

ದೋಣಿಯಲ್ಲಿ ಕ್ಯಾನ್ ತೂಗುಹಾಕಲು ತೊಲೆ ಎಲ್ಲಿಂದ ಬರಬೇಕು? ಟ್ಯಾಂಕನ್ನು ಹಲಗೆಯ ಕೆಳಗೆ, ಪಂಪಿಗಿಂತ ತಗ್ಗಿನಲ್ಲಿ ಇಟ್ಟೆವು. ಜನವರಿಯ ಒಂದು ಬೆಳಿಗ್ಗೆ ಮಂಜು ಕರಗುವುದನ್ನು ಕಾದು ಹೊರಟೆವು. ದೋಣಿಯ ಪಕ್ಕದಿಂದ ಕೂಲಿಂಗ್ ನೀರು ಪಿಚಕಾರಿಯ ಹಾಗೆ ಹಾರುತ್ತಿತ್ತು. ಶಾಫ್ಟ್ ಹೊರಗೆ ಹೋಗುವಲ್ಲಿ ಗ್ಲ್ಯಾಂಡಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದು ಹಾಗೆ ತೊಟ್ಟಿಕ್ಕಲೇಬೇಕು, ಒಣಗಿಸಿ ಬಿಗಿದರೆ ಶಾಫ್ಟ್ ಸುಡುತ್ತದೆ. ಪಂಪಿನ ವಾಷರ್ ಮುಟ್ಟಿ ನೋಡಿದೆ. ಒಣ ಒಣ. "ಮಾವ, ಸೋರೋದು ನಿಂತೋಯ್ತು! ಬಿಸಿಗೆ ತಾನೇ ಕೂತ್ಕೊಂಡಿದೆ" ಅಂದೆ. ಕಾಲೇಜಿನಲ್ಲಿ ಕಲಿತದ್ದಕ್ಕೆ ಒಂದು ಮಿತಿ ಬೇಡವೇ.

ಸೇತುವೆಯ ಕಂಬಗಳು ದೂರದಲ್ಲಿ ಕಾಣುವಷ್ಟು ಬಂದಿದ್ದೆವು. ಇಂಜಿನಿನ ಸದ್ದು ಒಮ್ಮೆ ಮುಗ್ಗರಿಸಿತು, ಸುಧಾರಿಸಿಕೊಂಡಿತು, ಮತ್ತೆ ಮುಗ್ಗರಿಸಿ ನಿಂತೇಬಿಟ್ಟಿತು. ಗಾಳಿ ಎದ್ದಿತ್ತು. ದೋಣಿ ಅಡ್ಡ ತಿರುಗಿ, ಮುಳುಗಡೆಯ ಒಣ ಮರದ ಬೊಡ್ಡೆಗಳು ನೀರಿನಿಂದ ತಲೆ ಎತ್ತಿದ್ದ ಕಡೆಗೆ ತೇಲತೊಡಗಿತು. ಮಾವ ಹುಟ್ಟು ಹಿಡಿದರು.

ಏರ್ ಲಾಕ್, ಅಂದರೆ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿದೆ ಎಂದು ಗೊತ್ತಾಯಿತು. ಡೀಸೆಲನ್ನು ಹಿಂಡಿದರೆ ಅದು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನಾಝಲ್ ತೆರೆಯಲು 200 ಬಾರ್ ಹತ್ತಿರ ಒತ್ತಡ ಬೇಕು. ಕಾರಿನ ಟೈರಿನಲ್ಲಿ ಇರುವುದು 2 ಚಿಲ್ಲರೆ. ಪೈಪಿನಲ್ಲಿ ಒಂದು ಗುಳ್ಳೆ ಸೇರಿದರೂ ನಾಝಲಿಗೆ ಡೀಸೆಲ್ ತಳ್ಳುವ ಇಂಜೆಕ್ಷನ್ ಪಂಪು ಆ ಗುಳ್ಳೆಯನ್ನೇ ಹಿಂಡುತ್ತ ಕೂರುತ್ತದೆ. ಫಿಲ್ಟರಿನ ಸ್ಕ್ರೂ ಸಡಿಲಿಸಿ ಗಾಳಿ ತೆಗೆದೆ, ಆಮೇಲೆ ಇಂಜೆಕ್ಟರಿನ ನಟ್ಟು. ಫ್ಲೈವೀಲ್ ತಿರುಗಿಸಿದಾಗ ನಾಝಲ್ 'ಕ್ರೀಕ್' ಎಂದಿತು. ಆ ಸದ್ದು ಬಂತೆಂದರೆ ಎಣ್ಣೆ ಬಂತೆಂದು ಅರ್ಥ. ಸ್ಟಾರ್ಟ್ ಆಯಿತು. ಐದು ನಿಮಿಷಕ್ಕೆ ಮತ್ತೆ ನಿಂತಿತು. ಹೀಗೇ ಮೂರು ಸಲ. ಹ್ಯಾಂಡಲ್ ತಿರುಗಿಸಿ ನನ್ನ ರಟ್ಟೆ ಬಿದ್ದುಹೋಯಿತು.

ಮಾವ ಹುಟ್ಟು ಹಾಕುತ್ತಲೇ ಕೇಳಿದರು: "ಅಲ್ಲ ಮಾರಾಯ, ಮನೇಲಿ ಸೋರ್ತಿತ್ತಲ್ಲ, ಅಲ್ಲಿ ಯಾಕೆ ನಿಲ್ಲಲಿಲ್ಲ?"

ಹ್ಯಾಂಡಲ್ ಹಿಡಿದ ಕೈ ಅಲ್ಲೇ ನಿಂತಿತು. ಮನೆಯಲ್ಲಿ ಕ್ಯಾನ್ ಮೇಲಿತ್ತು. ಡೀಸೆಲ್ ತನ್ನ ಭಾರಕ್ಕೆ ಇಳಿದು, ಸಂದಿಯಿಂದ ಹೊರಗೆ ಬರುತ್ತಿತ್ತು. ಇಲ್ಲಿ ಟ್ಯಾಂಕ್ ಕೆಳಗೆ, ಪಂಪು ಎಳೆದುಕೊಳ್ಳಬೇಕು. ಅದೇ ಸಂದಿಯಿಂದ ಈಗ ಗಾಳಿ ಒಳಗೆ ಹೋಗುತ್ತಿತ್ತು. ಸೋರಿಕೆ ನಿಂತಿರಲಿಲ್ಲ, ತಿರುಗಿಕೊಂಡಿತ್ತು.

ಪುಣ್ಯಕ್ಕೆ ಸ್ಪೇರ್ ಕ್ಯಾನಿನಲ್ಲಿ ಮೂರು ಲೀಟರ್ ಇತ್ತು. ಪೈಪಿನ ತುದಿಯನ್ನು ಟ್ಯಾಂಕಿನಿಂದ ಕಿತ್ತು ಅದಕ್ಕೆ ಇಳಿಬಿಟ್ಟೆ. ಬಾಯಲ್ಲಿ ಎಳೆದು ಡೀಸೆಲ್ ಬರಿಸಿದ್ದರ ರುಚಿ ರಾತ್ರಿ ಊಟದವರೆಗೂ ಹೋಗಲಿಲ್ಲ. ಮಾವ ಹುಟ್ಟು ಕೆಳಗಿಟ್ಟು ಕ್ಯಾನನ್ನು ಹೆಗಲ ಮೇಲೆ ಹೊತ್ತು ಇಂಜಿನ್ ಪಕ್ಕ ಕೂತರು. ಮತ್ತೆ ಗಾಳಿ ತೆಗೆದು ಹ್ಯಾಂಡಲ್ ತಿರುಗಿಸಿದೆ. ಹತ್ತಿಕೊಂಡಿತು.

ದಡ ಸೇರಲು ಮುಕ್ಕಾಲು ಗಂಟೆ ಹಿಡಿಯಿತು. ಮಾವ ಕ್ಯಾನನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸುತ್ತ, ನಡುನಡುವೆ ಬಗ್ಗಿ ಪಂಪಿನ ಕೆಳಗೆ ನೋಡುತ್ತಿದ್ದರು. "ಸೋರ್ತಾ ಉಂಟನೋ?"

"ಸೋರ್ತಾ ಉಂಟು ಮಾವ."

"ಹಾಂ, ಸೋರ್ಲಿ."