ಅವರ ಬೈಬಲ್‌ನಲ್ಲಿ 73 ಪುಸ್ತಕ, ನಮ್ಮದರಲ್ಲಿ 66

ಸತ್ತವರಿಗಾಗಿ ಪ್ರಾರ್ಥನೆ ಮಾಡಬಹುದಾ? ನವೆಂಬರ್ 2ರಂದು ಕಥೋಲಿಕರು ಸ್ಮಶಾನಕ್ಕೆ ಹೋಗಿ ಮೇಣದಬತ್ತಿ ಹಚ್ಚುವ ಹೊತ್ತಿಗೆ ಈ ಪ್ರಶ್ನೆ ಎದ್ದೇ ಏಳುತ್ತದೆ. "ಬೈಬಲ್‌ನಲ್ಲಿ ಎಲ್ಲಿದೆ, ತೋರಿಸಿ" ಅನ್ನುತ್ತಾರೆ ನಮ್ಮವರು. (ನಾನು ಸಿಎಸ್‌ಐ ಅನ್ನುವ ಪ್ರೊಟೆಸ್ಟಂಟ್ ಸಭೆಗೆ, ಅಂದರೆ ಚರ್ಚಿಗೆ, ಸೇರಿದವಳು.) ಅವರು ಎರಡನೇ ಮಕ್ಕಬಿಯರ ಪುಸ್ತಕ, 12ನೇ ಅಧ್ಯಾಯ ತೆಗೆಯುತ್ತಾರೆ. ಯುದ್ಧದಲ್ಲಿ ಸತ್ತ ಸೈನಿಕರ ಬಟ್ಟೆಯೊಳಗೆ ವಿಗ್ರಹದ ತಾಯಿತಗಳು ಸಿಗುತ್ತವೆ. ಆಗ ಅವರ ಯೆಹೂದ್ಯ ನಾಯಕ ಯೂದ ಮಕ್ಕಬಿ ಎರಡು ಸಾವಿರ ದ್ರಾಕ್ಮ ಬೆಳ್ಳಿ ಕೂಡಿಸಿ, ಅವರ ಪಾಪಪರಿಹಾರದ ಬಲಿಗೆಂದು ಯೆರೂಸಲೇಮಿಗೆ ಕಳಿಸುತ್ತಾನೆ. ಆದರೆ ಆ ಪುಸ್ತಕವೇ ನಮ್ಮ ಸತ್ಯವೇದದಲ್ಲಿಲ್ಲ!

1519ರಲ್ಲಿ ಜರ್ಮನಿಯ ಲೈಪ್ಸಿಗ್‌ನಲ್ಲಿ ನಡೆದ ವಾದದಲ್ಲಿ ಆಗಿದ್ದೂ ಇದೇ. ಕಥೋಲಿಕ ಪಂಡಿತ ಯೋಹಾನ್ ಎಕ್ ಇದೇ ಅಧ್ಯಾಯ ಎತ್ತಿದ, ಆ ಪುಸ್ತಕ ಪ್ರಮಾಣವಲ್ಲ ಅಂದ ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್. ಒಂದು ಪುಸ್ತಕಕ್ಕೆ ತನ್ನಲ್ಲಿಲ್ಲದ ಅಧಿಕಾರವನ್ನು ಸಭೆ ತಂದುಕೊಡಲಾಗದು ಅನ್ನುವುದು ಅವನ ವಾದ.

ಇದರ ಬಗ್ಗೆ ಎರಡೂ ಕಡೆ ತಪ್ಪು ಮಾತು ಜಾಸ್ತಿ. "ಕಥೋಲಿಕರು 1546ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಏಳು ಪುಸ್ತಕ ಸೇರಿಸಿದರು" ಅಂತ ನಮ್ಮವರು ಹೇಳುತ್ತಾರೆ. ಅದು ನಿಜವಲ್ಲ. 397ರಲ್ಲಿ ಕಾರ್ಥೇಜ್‌ನಲ್ಲಿ ಸೇರಿದ ಬಿಷಪರ ಸಭೆಯ ಪಟ್ಟಿಯಲ್ಲೇ ಮಕ್ಕಬಿಯರ ಪುಸ್ತಕಗಳಿವೆ. "ಲೂಥರ್ ಕಿತ್ತು ಬಿಸಾಡಿದ" ಅನ್ನುವುದೂ ಸರಿಯಲ್ಲ. ತನ್ನ 1534ರ ಜರ್ಮನ್ ಬೈಬಲ್‌ನಲ್ಲಿ ಅವನು ಈ ಪುಸ್ತಕಗಳನ್ನು ಬೇರೆ ಭಾಗವಾಗಿ ಇಟ್ಟ, ಶಾಸ್ತ್ರಕ್ಕೆ ಸಮ ಅಲ್ಲ ಆದರೆ ಓದಲು ಒಳ್ಳೆಯವು ಅಂತ ಬರೆದ. ಯೆಹೂದ್ಯರ ಹೀಬ್ರೂ ಶಾಸ್ತ್ರದ ಪಟ್ಟಿಯಲ್ಲಿಲ್ಲದ ಈ ಪುಸ್ತಕಗಳ ಬಗ್ಗೆ ಅವನಿಗಿಂತ ಸಾವಿರ ವರ್ಷ ಮೊದಲೇ, ಬೈಬಲನ್ನು ಲ್ಯಾಟಿನ್‌ಗೆ ತಂದ ಜೆರೋಮನಿಗೂ ಅನುಮಾನವಿತ್ತು. ಅಷ್ಟೇ ಯಾಕೆ, 1518ರಲ್ಲಿ ರೋಮಿನ ಪರವಾಗಿ ಲೂಥರನನ್ನು ವಿಚಾರಿಸಿದ ಕಾರ್ಡಿನಲ್ ಕಯೆಟಾನನೇ ಮುಂದೆ ಈ ವಿಷಯದಲ್ಲಿ ಜೆರೋಮನ ಮಾತನ್ನೇ ಒಪ್ಪಿದ. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲೂ ಅವು ಇದ್ದವು. ಬ್ರಿಟಿಷ್ ಬೈಬಲ್ ಸೊಸೈಟಿ ಅವುಗಳ ಮುದ್ರಣಕ್ಕೆ ಹಣ ಕೊಡುವುದನ್ನು ನಿಲ್ಲಿಸಿದ್ದು 1820ರ ದಶಕದಲ್ಲಿ.

ನನ್ನನ್ನು ನಿಜವಾಗಿ ಕಾಡುವುದು ಇದಕ್ಕಿಂತ ಮುಂದಿನ ಪ್ರಶ್ನೆ. "ಬೈಬಲ್ ಒಂದೇ ಸಾಕು" ಅನ್ನುತ್ತೇವಲ್ಲ, ಬೈಬಲ್‌ಗೆ ಯಾವ ಪುಸ್ತಕ ಸೇರುತ್ತದೆ ಅನ್ನುವ ಪಟ್ಟಿ ಬೈಬಲ್‌ನ ಯಾವ ಪುಟದಲ್ಲಿದೆ? ಎಲ್ಲೂ ಇಲ್ಲ. ಹೊಸ ಒಡಂಬಡಿಕೆಯ ಈಗಿನ 27 ಪುಸ್ತಕಗಳನ್ನೇ ಕೊಡುವ, ನಮಗೆ ತಿಳಿದಿರುವ ಮೊದಲ ಪಟ್ಟಿ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ 367ರಲ್ಲಿ ಬರೆದ ಒಂದು ಪತ್ರದಲ್ಲಿದೆ. ಇನ್ನೊಬ್ಬ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಇದಕ್ಕೆ ಉತ್ತರ ಕೊಡುತ್ತಾನೆ: ಬೆಳಕನ್ನು ಕತ್ತಲೆಯಿಂದ ಬೇರೆ ಅಂತ ಯಾರೂ ಹೇಳಿಕೊಡಬೇಕಿಲ್ಲ, ಶಾಸ್ತ್ರವೂ ಹಾಗೆಯೇ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ರೋಮಾಪುರದವರಿಗೆ ಬರೆದ ಪತ್ರ ಓದುವಾಗ ನನಗೂ ಹಾಗೆ ಅನ್ನಿಸುತ್ತದೆ. ಆದರೆ ಲೂಥರನಿಗೇ ಯಾಕೋಬನ ಪತ್ರ, ಇಬ್ರಿಯರಿಗೆ ಬರೆದ ಪತ್ರ, ಯೂದನ ಪತ್ರ, ಪ್ರಕಟನೆ ಇವು ನಾಲ್ಕರಲ್ಲಿ ಆ ಬೆಳಕು ಸರಿಯಾಗಿ ಕಾಣಲಿಲ್ಲ, ಹಾಗಾಗಿ 1522ರಲ್ಲಿ ಅವನ್ನು ಕೊನೆಗೆ ತಳ್ಳಿದ. ನಾವು ಇಂದು ಅವನ್ನು ಅನುಮಾನವಿಲ್ಲದೆ ಓದುತ್ತೇವೆ, ಅಲ್ವಾ? ಅದು ನಮ್ಮ ಹಿಂದಿನವರಿಂದ ನಮಗೆ ಬಂದ ನಂಬಿಕೆ. ಅದನ್ನು ಪರಂಪರೆ ಅಂತ ಕರೆಯಲು ನಾವು ಹೆದರಬೇಕಾಗಿಲ್ಲ.

ಹಾಗಂತ, ಶಾಸ್ತ್ರದ ಜೊತೆಗೆ ಸಭೆಯ ಪರಂಪರೆಗೂ ಅಧಿಕಾರವಿದೆ ಅನ್ನುವ ರೋಮಿನ ವಾದವನ್ನು ಪೂರ್ತಿ ಒಪ್ಪಲು ನನಗೆ ಆಗುವುದಿಲ್ಲ. ಪಟ್ಟಿಯನ್ನು ಜೋಪಾನವಾಗಿ ದಾಟಿಸುವುದು ಒಂದು, ಶಾಸ್ತ್ರದಲ್ಲಿ ನೇರವಾಗಿ ಹೇಳಿಲ್ಲದ್ದನ್ನು ಎಲ್ಲರೂ ನಂಬಲೇಬೇಕು ಅನ್ನುವುದು ಇನ್ನೊಂದು. 1950ರ ನವೆಂಬರ್ 1ರಂದು ಪೋಪ್ 12ನೇ ಪಿಯುಸ್, ಯೇಸುವಿನ ತಾಯಿ ಮರಿಯಳು ದೇಹಸಹಿತ ಸ್ವರ್ಗಕ್ಕೆ ಹೋದಳು ಅನ್ನುವುದನ್ನು ಹಾಗೆಯೇ ಘೋಷಿಸಿದರು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ಸಭೆಯ ಬೋಧನಾಧಿಕಾರ ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವೆಗಿದೆ ಅಂದಿತು. ಒಳ್ಳೆಯ ಮಾತು, ಮನಸಾರೆ ಒಪ್ಪುತ್ತೇನೆ. ಆದರೆ ಆ ಅಧಿಕಾರ ವಾಕ್ಯವನ್ನು ಮೀರಿದ್ದರೆ, ಮೀರಿದೆ ಅಂತ ಹೇಳುವ ಹಕ್ಕು ಯಾರಿಗಿದೆ? ನನ್ನ ಕಥೋಲಿಕ ಸ್ನೇಹಿತರು ಇದಕ್ಕೆ ಉತ್ತರಿಸಬೇಕು.