ನಶ್ಯದ ಡಬ್ಬಿ

ಇವತ್ತು ಅಟ್ಟ ಗುಡಿಸುವಾಗ ಅಜ್ಜನ ನಶ್ಯದ ಡಬ್ಬಿ ಸಿಕ್ತು. ಒಳಗೆ ಪಾಯಿಂಟ್ ಟೂ ಟೂ ರೈಫಲ್ಲಿನ ಏಳು ಖಾಲಿ ತೋಟೆ, ಒಂದು ಗಿಡ್ಡ ಅರ. ಹಿತ್ತಾಳೆ ಕಪ್ಪಿಟ್ಟಿದೆ. ಪ್ರತಿಯೊಂದರ ಅಂಚಲ್ಲೂ ಪಿನ್ನು ಕಚ್ಚಿದ ಗುರುತು. ಈ ಜಾತಿ ತೋಟೆಗೆ, ಪಿನ್ನಿನ ಪೆಟ್ಟಿಗೆ ಹೊತ್ತೋ ಕಿಡಿಮದ್ದು ಇರೋದು ನಡುವೆ ಅಲ್ಲ, ಅಂಚಿನೊಳಗೆ.

ಅರ ಯಾಕೆ ಅಂತ ದೊಡ್ಡಪ್ಪನ್ನ ಕೇಳಿದೆ. "ಗುಂಡಿನ ಸೀಸದ ಮೂತಿ ಉಜ್ಜಿ ಚಪ್ಪಟೆ ಮಾಡ್ತಿದ್ರು ಮಾರಾಯ. ಇಲ್ದಿದ್ರೆ ಗುಂಡು ಮೊಲದ ಮೈಯಲ್ಲಿ ತೂರಿ ಹೋಗ್ತದೆ, ಅದು ಓಡಿ ಎಲ್ಲೋ ಮಟ್ಟಿಲಿ ನರಳಿ ಸಾಯ್ತದೆ" ಅಂದ್ರು. ಆಮೇಲೆ ತಾವೇ ನಕ್ಕು, "ಉಜ್ಜಿದ್ದು ಬಂತು, ಗುರಿ ಮಾತ್ರ ತಪ್ತಿತ್ತು. ರಾತ್ರಿಗೆ ಕೆಸುವಿನ ಸೊಪ್ಪಿನ ಸಾರೇ!" ಕೈಯಲ್ಲಿ ಉಜ್ಜಿ ತೂಕ ಒಂದು ಬದಿಗೆ ವಾಲಿದ್ರೆ ಗುಂಡಾದ್ರೂ ನೆಟ್ಟಗೆ ಹೇಗೆ ಹೋದೀತು?

1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ನಮ್ಮನೇಲಿ ಶಿಕಾರಿ ಮಾತೇ ನಿಂತಿತಂತೆ. ಈಗಿರೋ ಕೋವಿ ತೋಟ ಕಾಯೋಕೆ, ಚುನಾವಣೆ ಬಂದಾಗ ತೀರ್ಥಹಳ್ಳಿ ಠಾಣೆಗೆ ಹೊತ್ತು ಇಟ್ಟುಬರೋಕೆ. ಮೊಲ ಕೊಂದಿದ್ದು ತಪ್ಪೋ, ನರಳಬಾರದು ಅಂತ ಕೂತು ಉಜ್ಜಿದ್ದು ಕರುಣೆಯೋ, ನಂಗಂತೂ ಬಗೆಹರಿಯಲಿಲ್ಲ.

ಡಬ್ಬಿನ ಅಜ್ಜಿ ಕೈಗೆ ಕೊಟ್ಟೆ. ತೋಟೆ ಕಡೆ ನೋಡ್ಲೇ ಇಲ್ಲ. ಮುಚ್ಚಳ ಮೂಸಿ, "ನಶ್ಯದ ವಾಸ್ನೆ ಇನ್ನೂ ಉಂಟಲ್ಲೋ" ಅಂದ್ರು.